ಸಮತಟ್ಟು ನೆಲದ ಗುಟ್ಟು

ಮ್ಯಾರಥಾನ್ ಓಟದ ದಾಖಲೆ ಪುಸ್ತಕದಲ್ಲಿ ರಾಟರ್‌ಡ್ಯಾಮ್ ನಗರಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿ ಮ್ಯಾರಥಾನ್ ಆರಂಭವಾದದ್ದು 1981ರಲ್ಲಿ. 1985ರಲ್ಲಿ ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್ ಅದನ್ನು 2 ಗಂಟೆ 7 ನಿಮಿಷ 12 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಮೂರು ವರ್ಷಗಳ ಬಳಿಕ ಅದೇ ಊರಿನಲ್ಲಿ ಇಥಿಯೋಪಿಯಾದ ಬೆಲೈನೆ ಡಿನ್ಸಾಮೊ 2 ಗಂಟೆ 6 ನಿಮಿಷ 50 ಸೆಕೆಂಡುಗಳಿಗೆ ಗುರಿ ಮುಟ್ಟಿದರು. ಆ ದಾಖಲೆ ಹತ್ತು ವರ್ಷ ಅಲುಗಲಿಲ್ಲ. 1998ರಲ್ಲಿ ಕೆನ್ಯಾದ ತೆಗ್ಲಾ ಲೊರೂಪೆ ಮಹಿಳೆಯರ ವಿಶ್ವದಾಖಲೆ ಸ್ಥಾಪಿಸಿದ್ದೂ ಇಲ್ಲಿಯೇ.

ಓಟಗಾರರು ಈ ಊರನ್ನು ಮೆಚ್ಚಲು ಮುಖ್ಯ ಕಾರಣ ಅಲ್ಲಿನ ನೆಲ. ಸೇತುವೆಗಳನ್ನು ಬಿಟ್ಟರೆ ಏರೂ ಇಲ್ಲ, ಇಳಿವೂ ಇಲ್ಲ. ದಾರಿಯಲ್ಲಿ ಸಿಗುವ ಕ್ರಾಲಿಂಗನ್ ಕೊಳದ ದಂಡೆಯ ಮೇಲೆ ಎರಡು ಹಳೆಯ ಗಾಳಿಗಿರಣಿಗಳು ನಿಂತಿವೆ. ಕೊಳ, ಗಿರಣಿ, ಸಮತಟ್ಟು ನೆಲ ಎಲ್ಲವೂ ಸೇರಿ ಚಿತ್ರಪಟದಂತೆ ಕಾಣುತ್ತದೆ. ಆದರೆ ಆ ಕೊಳವನ್ನು ಮಾಡಿದ್ದು ಪ್ರಕೃತಿಯಲ್ಲ. ಜನರು ಉರುವಲಿಗಾಗಿ ನೆಲ ಅಗೆದು ಉಳಿಸಿಹೋದ ಗುಂಡಿ ಅದು. ಸುತ್ತಲಿನ ನೆಲವೂ ಹಾಗೆಯೇ. ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದಲ್ಲಿ ಓಟಗಾರನ ಕಾಲಿಗೆ ಸಿಗುವ ಆ ಮಟ್ಟಸವಾದ ನೆಲ ಸುಮಾರು ಸಾವಿರ ವರ್ಷಗಳ ಮನುಷ್ಯ ದುಡಿಮೆಯ ಫಲ. ಅಷ್ಟೇ ಅಲ್ಲ, ಆ ದುಡಿಮೆ ಇಂದಿಗೂ ನಿಂತಿಲ್ಲ, ನಿಲ್ಲುವಂತೆಯೂ ಇಲ್ಲ.

ಏರಿಯ ಮೇಲಿನ ದಾರಿ

ಇದನ್ನು ಕಣ್ಣಾರೆ ಕಾಣಲು ತಕ್ಕ ಸ್ಥಳ ಕಿಂಡರ್‌ಡೈಕ್. ರಾಟರ್‌ಡ್ಯಾಮ್‌ನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಲೆಕ್ ನದಿಯ ಪಕ್ಕದಲ್ಲಿ ಈ ಹಳ್ಳಿಯಿದೆ. 19 ಗಾಳಿಗಿರಣಿಗಳಿರುವ ಈ ತಾಣವನ್ನು ಯುನೆಸ್ಕೊ 1997ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ಅಗಲವಾದ ಕಾಲುವೆಗಳು ಜೊತೆಜೊತೆಯಾಗಿ ಸಾಗುತ್ತವೆ. ಒಂದರ ಬದಿಯಲ್ಲಿ 1738ರಲ್ಲಿ ಕಟ್ಟಿದ ಎಂಟು ಇಟ್ಟಿಗೆಯ ದುಂಡು ಗಿರಣಿಗಳು. ಇನ್ನೊಂದರ ಬದಿಯಲ್ಲಿ 1740ರ, ಹುಲ್ಲು ಹೊದಿಸಿದ ಎಂಟು ಮೂಲೆಯ ಎಂಟು ಗಿರಣಿಗಳು. ನಡುವಿನ ದಾರಿ ನಡೆಯುವವರಿಗೆ, ಸೈಕಲ್ ಸವಾರರಿಗೆ, ಓಡುವವರಿಗೆ ಮುಕ್ತ. ಹಗಲಿನಲ್ಲಿ ಪ್ರವಾಸಿಗಳ ನೂಕುನುಗ್ಗಲು. ಓಡುವವರಿಗೆ ಬೆಳಗಿನ ಜಾವವೇ ಒಳ್ಳೆಯದು.

ಓಡುತ್ತ ಹೋದವರು ಅತ್ತಿತ್ತ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕಾಲುವೆಯ ನೀರು ಮೇಲಿದೆ, ಹಸುಗಳು ಮೇಯುವ ಹುಲ್ಲುಗಾವಲು ಕೆಳಗಿದೆ. ಕೆರೆಯ ಏರಿಯ ಮೇಲೆ ನಡೆದವರಿಗೆ ಈ ನೋಟ ಹೊಸದಲ್ಲ. ಆದರೆ ಕೆರೆಯ ಏರಿ ಗದ್ದೆಗೆ ಬೇಕಾದ ನೀರನ್ನು ಹಿಡಿದಿಡುತ್ತದೆ. ಇಲ್ಲಿನ ಏರಿ ಬೇಡವಾದ ನೀರನ್ನು ಹೊರಗಿಡುತ್ತದೆ. ಹೀಗೆ ಏರಿಗಳಿಂದ ಸುತ್ತುವರಿದ, ನೀರನ್ನು ಎತ್ತಿ ಹೊರಹಾಕಿ ಒಣಗಿಸಿದ ನೆಲಕ್ಕೆ ಡಚ್ಚರು ಪೋಲ್ಡರ್ ಎನ್ನುತ್ತಾರೆ. ದೇಶದ ಶೇಕಡಾ 26ರಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅತ್ಯಂತ ತಗ್ಗಿನ ಜಾಗ ರಾಟರ್‌ಡ್ಯಾಮ್‌ಗೆ ಹತ್ತಿರದ ನ್ಯೂವರ್‌ಕರ್ಕ್ ಎಂಬ ಊರಿನ ಬಳಿ ಇದೆ. ಅಲ್ಲಿ ನಿಂತವನ ತಲೆಯ ಮೇಲೆ ಎರಡಾಳು ಎತ್ತರಕ್ಕೂ ಮೀರಿ ಸಮುದ್ರಮಟ್ಟವಿರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ 6.76 ಮೀಟರ್.

ನೆಲ ಕುಸಿದ ಕತೆ

ಈ ನೆಲ ಮೊದಲಿನಿಂದಲೂ ಹೀಗೆ ತಗ್ಗಿನಲ್ಲಿತ್ತೇ? ಇರಲಿಲ್ಲ. ಕತೆಯ ತಿರುಳು ಇರುವುದೇ ಇಲ್ಲಿ. ಸಾವಿರ ವರ್ಷಗಳ ಹಿಂದೆ ಈ ಪ್ರದೇಶದ ಬಹುಭಾಗ ಪೀಟ್ ಎಂಬ ಕಪ್ಪು ಜೌಗುನೆಲವಾಗಿತ್ತು. ಪಾಚಿ, ಜೊಂಡು ಮುಂತಾದ ಸಸ್ಯಗಳು ಸತ್ತು, ನೀರಿನಲ್ಲಿ ಮುಳುಗಿದ್ದರಿಂದ ಪೂರ್ತಿ ಕೊಳೆಯದೆ, ಒಂದರ ಮೇಲೊಂದು ಒತ್ತರಿಸಿಕೊಂಡು ಆದ ಪದರವೇ ಪೀಟ್. ಸ್ಪಂಜಿನಂತೆ ನೀರು ಹೀರಿ ಉಬ್ಬಿದ್ದ ಆ ನೆಲ ಅಂದು ಸಮುದ್ರಮಟ್ಟಕ್ಕಿಂತ ಮೇಲೆಯೇ ಇತ್ತು.

ಬೇಸಾಯಕ್ಕೆ ಬಂದ ಜನರು ಚರಂಡಿ ತೋಡಿ ನೀರನ್ನು ನದಿಗೆ ಹರಿಯಬಿಟ್ಟರು. ನೆಲ ಒಣಗಿತು, ಧಾನ್ಯ ಬೆಳೆಯಿತು. ಆದರೆ ನೀರು ಹೋದ ಪೀಟ್ ಕುಗ್ಗತೊಡಗಿತು. ಗಾಳಿ ತಗುಲಿದ ಮೇಲೆ ಸಾವಿರಾರು ವರ್ಷ ಕೊಳೆಯದೆ ಉಳಿದಿದ್ದ ಸಸ್ಯಾಂಶ ಕೊಳೆಯತೊಡಗಿತು. ಮಣ್ಣೇ ಗಾಳಿಯಲ್ಲಿ ಕರಗಿದಂತೆ ಆಯಿತು. ನೆಲ ಇಳಿದಾಗ ಮತ್ತೆ ಜೌಗಾಯಿತು. ರೈತ ಚರಂಡಿಯನ್ನು ಇನ್ನಷ್ಟು ಆಳ ಮಾಡಿದ. ನೆಲ ಇನ್ನಷ್ಟು ಇಳಿಯಿತು. ಕೆಲವು ಶತಮಾನಗಳಲ್ಲಿ ಹೊಲ ನದಿಯ ಮಟ್ಟಕ್ಕಿಂತ ಕೆಳಗೆ ಬಂತು. ಧಾನ್ಯದ ಬೇಸಾಯ ಕೈಬಿಟ್ಟು ಜನ ಹಸು ಸಾಕಣೆಗೆ ತಿರುಗಿದರು. ಹಾಲೆಂಡಿನ ಬೆಣ್ಣೆ, ಚೀಸ್‌ಗಳ ಖ್ಯಾತಿಯ ಹಿಂದೆ ಈ ಸೋಲಿನ ಪಾಲೂ ಇದೆ.

ತಾನಾಗಿ ಹರಿಯದ ನೀರನ್ನು ಎತ್ತಿ ಹಾಕಲೇಬೇಕಾಯಿತು. ಮನುಷ್ಯನ ಕೈಬಲ, ಕುದುರೆಯ ಬಲ ಸಾಲದಾದಾಗ 15ನೆಯ ಶತಮಾನದ ಆರಂಭದಲ್ಲಿ ನೀರೆತ್ತುವ ಗಾಳಿಗಿರಣಿ ಕಾಣಿಸಿಕೊಂಡಿತು. ಗಿರಣಿ ಎಂದರೆ ನಮಗೆ ಹಿಟ್ಟು ಬೀಸುವುದು ನೆನಪಾಗುತ್ತದೆ. ಕಿಂಡರ್‌ಡೈಕ್‌ನ ಸಾಲುಗಿರಣಿಗಳು ಬೀಸುವ ಕೆಲಸಕ್ಕೆ ಕಟ್ಟಿದವಲ್ಲ; ಅವು ಗಾಳಿಯಿಂದ ನಡೆಯುವ ಏತಗಳು.

ಅವುಗಳ ಕೆಲಸ ಸರಳ. ನಾಲ್ಕು ರೆಕ್ಕೆಗಳ ಮೇಲೆ ಬಟ್ಟೆಯ ಹಾಯಿ ಬಿಚ್ಚಿದರೆ ಗಾಳಿಗೆ ಅವು ತಿರುಗುತ್ತವೆ. ಮರದ ಹಲ್ಲುಚಕ್ರಗಳ ಮೂಲಕ ಆ ತಿರುಗಾಟ ಕೆಳಗಿನ ದೊಡ್ಡ ಚಕ್ರಕ್ಕೆ ತಲುಪುತ್ತದೆ. ಅದರ ಹಲಗೆಗಳು ನೀರನ್ನು ತಳ್ಳಿ ಮೇಲಿನ ಕಾಲುವೆಗೆ ಎತ್ತುತ್ತವೆ. ಗಾಳಿಯ ದಿಕ್ಕು ಬದಲಾದಾಗ ಗಿರಣಿಯವನು ಮೇಲಿನ ತಲೆಯನ್ನೇ ತಿರುಗಿಸಿ ರೆಕ್ಕೆಗಳನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಒಂದು ಚಕ್ರ ನೀರನ್ನು ಎತ್ತುವುದು ಹೆಚ್ಚೆಂದರೆ ಒಂದೂವರೆ ಮೀಟರ್. ಅದಕ್ಕಿಂತ ಆಳವಿದ್ದರೆ ಒಂದರ ಮೇಲೊಂದು ಹಂತದಲ್ಲಿ ಹಲವು ಗಿರಣಿಗಳು ಬೇಕು. ಕಿಂಡರ್‌ಡೈಕ್‌ನಲ್ಲಿ ನೀರು ಹೊಲದಿಂದ ಕೆಳಗಿನ ಕಾಲುವೆಗೆ, ಅಲ್ಲಿಂದ ಗಿರಣಿಗಳ ಮೂಲಕ ಮೇಲಿನ ಸಂಗ್ರಹಕ್ಕೆ ಹೋಗುತ್ತಿತ್ತು. ಲೆಕ್ ನದಿಯ ಮಟ್ಟ ಇಳಿದಾಗ ತೂಬು ತೆರೆದು ಅದನ್ನು ಹೊರಬಿಡುತ್ತಿದ್ದರು. ಗಿರಣಿಯವನ ಸಂಸಾರ ಗಿರಣಿಯ ಒಳಗೇ ವಾಸ. ಗಾಳಿ ಬೀಸಿದರೆ ನಡುರಾತ್ರಿಯಲ್ಲೂ ಎದ್ದು ಹಾಯಿ ಬಿಚ್ಚಬೇಕಾಗಿತ್ತು.

ಕೆರೆ ಬತ್ತಿಸಿದ ಊರುಗಳು

ನೀರಿನಿಂದ ನೆಲ ಉಳಿಸಿಕೊಳ್ಳುವುದನ್ನು ಕಲಿತವರು ಮುಂದೆ ನೀರಿನಿಂದ ನೆಲವನ್ನು ಕಸಿದುಕೊಳ್ಳಲು ಹೊರಟರು. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕಿದ್ದ ಬೀಮ್‌ಸ್ಟರ್ ಎಂಬ ದೊಡ್ಡ ಸರೋವರವನ್ನು ಬತ್ತಿಸುವ ಕೆಲಸ 1607ರಲ್ಲಿ ಶುರುವಾಯಿತು. ಬಂಡವಾಳ ಹಾಕಿದವರು ನಗರದ ವರ್ತಕರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡಿರ್ಕ್ ಫಾನ್ ಓಸ್, ಡಚ್ ಈಸ್ಟ್ ಇಂಡಿಯಾ ಕಂಪನಿಯನ್ನು ಕಟ್ಟಿದವರಲ್ಲಿಯೂ ಒಬ್ಬ. ಏಷ್ಯಾದ ಸಾಂಬಾರ ಪದಾರ್ಥಗಳ ಮೇಲೆ ಹಣ ಹೂಡಿದವರೇ ಕೆರೆಯ ತಳದ ಮಣ್ಣಿನ ಮೇಲೂ ಹೂಡಿದರು ಎನ್ನಬಹುದು. ಗಿರಣಿ ಕಟ್ಟುವುದರಲ್ಲಿ ನಿಪುಣನಾದ ಯಾನ್ ಲೇಘ್‌ವಾಟರ್ ಈ ಕೆಲಸದಲ್ಲಿ ತೊಡಗಿದ್ದ. 1610ರಲ್ಲಿ ಬಿರುಗಾಳಿಗೆ ಏರಿಗಳು ಒಡೆದು ಬತ್ತಿದ ಸರೋವರ ಮತ್ತೆ ತುಂಬಿತು. ಪಟ್ಟು ಬಿಡದೆ ಪುನಃ ಬತ್ತಿಸಿದರು. 1612ರಲ್ಲಿ ಕೆಲಸ ಮುಗಿಯಿತು. 40ಕ್ಕೂ ಹೆಚ್ಚು ಗಾಳಿಗಿರಣಿಗಳು ಸೇರಿ ಸುಮಾರು 7,000 ಹೆಕ್ಟೇರ್ ನೆಲವನ್ನು ಮೇಲೆತ್ತಿದ್ದವು.

ಬೀಮ್‌ಸ್ಟರ್‌ನಲ್ಲಿ ಓಡುವುದು ಗಣಿತದ ಪುಸ್ತಕದೊಳಗೆ ಓಡಿದಂತೆ. ರಸ್ತೆ, ಕಾಲುವೆ, ಸಾಲುಮರ, ಹೊಲ ಎಲ್ಲವೂ ನೇರಗೆರೆ, ಚೌಕ. ಸುತ್ತಲೂ ಸುಮಾರು 40 ಕಿಲೋಮೀಟರ್ ಉದ್ದದ ಬಳಸುಕಾಲುವೆ. ಅದನ್ನು ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ಆಗುತ್ತದೆ. ಯುನೆಸ್ಕೊ ಇದನ್ನು 1999ರಲ್ಲಿ ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಆದರೆ ಈ ನೆಲವನ್ನು ಕೊಟ್ಟ ನೀರೆತ್ತುವ ಗಿರಣಿಗಳು ಅಲ್ಲಿ ಉಳಿದಿಲ್ಲ. ಅವುಗಳನ್ನು ನೋಡಬೇಕೆಂದರೆ ಪಕ್ಕದ ಸ್ಖೆರ್ಮರ್ ಪೋಲ್ಡರ್‌ಗೆ ಹೋಗಬೇಕು. 1635ರಲ್ಲಿ ಬತ್ತಿಸಿದ ಆ ಸರೋವರಕ್ಕೆ 52 ಗಿರಣಿಗಳು ದುಡಿದಿದ್ದವು; ಈಗ 11 ಉಳಿದಿವೆ. ಸ್ಖೆರ್ಮರ್‌ಹೋರ್ನ್ ಹಳ್ಳಿಯ ಬಳಿ ಮೂರು ಗಿರಣಿಗಳು ಒಂದೇ ಸಾಲಿನಲ್ಲಿ ನಿಂತು, ಹಂತಹಂತವಾಗಿ ನೀರೆತ್ತುವ ವಿಧಾನವನ್ನು ಇಂದಿಗೂ ತೋರಿಸುತ್ತವೆ.

ಇನ್ನೂ ದಕ್ಷಿಣಕ್ಕೆ ಝಾನ್ ನದಿಯ ದಂಡೆಯಲ್ಲಿ ಗಿರಣಿಗಳು ಬೇರೆಯೇ ಕಸುಬು ಹಿಡಿದಿದ್ದವು. 16ನೆಯ ಶತಮಾನದ ಕೊನೆಯಲ್ಲಿ ಕೊರ್ನೆಲಿಸ್ ಕೊರ್ನೆಲಿಸ್‌ಜೂನ್ ಎಂಬಾತ ಗಾಳಿಯಿಂದ ಮರ ಕೊಯ್ಯುವ ಗಿರಣಿಯನ್ನು ರೂಪಿಸಿದ. ಹಡಗು ಕಟ್ಟುವ ಹಲಗೆ, ಎಣ್ಣೆ, ಬಣ್ಣ, ಕಾಗದ ಎಲ್ಲಕ್ಕೂ ಇಲ್ಲಿ ಗಾಳಿಯೇ ಕೂಲಿಯಾಳು. 18ನೆಯ ಶತಮಾನದಲ್ಲಿ ಈ ಒಂದು ಪ್ರದೇಶದಲ್ಲೇ 600ಕ್ಕೂ ಹೆಚ್ಚು ಗಿರಣಿಗಳಿದ್ದವು. 1985ರಿಂದ ನಡೆದುಬಂದಿರುವ ‘ಡಾಮ್‌ನಿಂದ ಡಾಮ್‌ಗೆ’ ಎಂಬ 16 ಕಿಲೋಮೀಟರ್ ಓಟ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟು ಝಾನ್‌ಡಾಮ್‌ನಲ್ಲಿ ಮುಗಿಯುತ್ತದೆ. ಇದರಲ್ಲಿ ಎದ್ದುಕಾಣುವ ಏರು ಎಂದರೆ ಆರಂಭದಲ್ಲೇ ನೀರಿನಡಿಯ ಸುರಂಗಕ್ಕೆ ಇಳಿದು ಮೇಲೆ ಬರುವಾಗಿನದು. ‘ಡಾಮ್’ ಎಂದರೆ ಒಡ್ಡು. ಆಮ್‌ಸ್ಟೆಲ್ ನದಿಗೆ ಒಡ್ಡು ಕಟ್ಟಿದ ಊರು ಆಮ್‌ಸ್ಟರ್‌ಡ್ಯಾಮ್, ರೊಟ್ಟೆ ನದಿಗೆ ಕಟ್ಟಿದ್ದು ರಾಟರ್‌ಡ್ಯಾಮ್, ಝಾನ್ ನದಿಗೆ ಕಟ್ಟಿದ್ದು ಝಾನ್‌ಡಾಮ್. ಊರಿನ ಹೆಸರುಗಳಲ್ಲೇ ನಾಡಿನ ಚರಿತ್ರೆಯಿದೆ.

ಬೆರಳಿಟ್ಟ ಹುಡುಗ ಮತ್ತು ನೀರಿನ ಮಂಡಳಿ

ಏರಿಯ ಬಿರುಕಿಗೆ ಬೆರಳಿಟ್ಟು ರಾತ್ರಿಯಿಡೀ ಕುಳಿತು ಊರನ್ನು ಉಳಿಸಿದ ಹುಡುಗನ ಕತೆ ಅನೇಕರಿಗೆ ಶಾಲಾದಿನಗಳಿಂದ ಗೊತ್ತು. ಅದನ್ನು ಜಗತ್ತಿಗೆ ಪರಿಚಯಿಸಿದ್ದು ಅಮೆರಿಕದ ಲೇಖಕಿ ಮೇರಿ ಮೇಪ್ಸ್ ಡಾಜ್ 1865ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ. ಅದನ್ನು ಬರೆಯುವಾಗ ಆಕೆ ಹಾಲೆಂಡನ್ನು ನೋಡಿಯೂ ಇರಲಿಲ್ಲ. ಕತೆ ಸೊಗಸಾಗಿದೆ, ಆದರೆ ನೀರಿನ ಒತ್ತಡಕ್ಕೆ ಮಣ್ಣಿನ ಏರಿ ಸಡಿಲಗೊಂಡಾಗ ಬೆರಳಿನಿಂದ ಆಗುವುದು ಏನೂ ಇಲ್ಲ. ಆ ದೇಶವನ್ನು ಉಳಿಸಿದ್ದು ಒಬ್ಬ ವೀರನಲ್ಲ, ಲೆಕ್ಕಪತ್ರ ಇಟ್ಟ ಸಾಮಾನ್ಯ ಜನ.

ಏರಿ ಒಂದೇ ಕಡೆ ಒಡೆದರೂ ಎಲ್ಲರ ಮನೆಗೂ ನೀರು. ಹೀಗಾಗಿ ಧನಿಕನೂ ಬಡವನೂ ಒಟ್ಟಿಗೆ ಕೂತು ತೀರ್ಮಾನಿಸದೆ ಗತಿಯಿರಲಿಲ್ಲ. 13ನೆಯ ಶತಮಾನದಷ್ಟು ಹಿಂದೆಯೇ ನೀರಿನ ಮಂಡಳಿಗಳು ಹುಟ್ಟಿಕೊಂಡವು. ಪ್ರತಿಯೊಬ್ಬ ಜಮೀನುದಾರನಿಗೂ ಏರಿಯ ಇಂತಿಷ್ಟು ಭಾಗದ ಹೊಣೆ. ಏರಿ ಕಟ್ಟಲಾರದವನು ಜಾಗ ಬಿಡಬೇಕು ಎಂಬುದು ಹಳೆಯ ಗಾದೆ. ಹೊಣೆ ಹೊರಲಾಗದವನು ಏರಿಯಲ್ಲಿ ತನ್ನ ಗುದ್ದಲಿಯನ್ನು ನೆಟ್ಟು ಹೊರಟುಹೋಗುತ್ತಿದ್ದ. ಆ ಗುದ್ದಲಿಯನ್ನು ಕಿತ್ತವನಿಗೆ ಜಮೀನೂ ಸೇರುತ್ತಿತ್ತು, ಏರಿಯ ಕೆಲಸವೂ ತಗಲುತ್ತಿತ್ತು. 1950ರ ಸುಮಾರಿಗೆ ಇಂತಹ ಸಣ್ಣಪುಟ್ಟ ಮಂಡಳಿಗಳು 2,500ರಷ್ಟಿದ್ದವು. ಒಂದರೊಳಗೊಂದು ಸೇರಿ 2018ರಿಂದ 21 ಆಗಿವೆ. ಇವುಗಳಿಗೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ಓಟಗಾರ ಕಾಲಿಡುವ ಎಷ್ಟೋ ಏರಿಗಳು ಈ ತೆರಿಗೆಯಿಂದಲೇ ನಿಂತಿವೆ.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1953ರ ಜನವರಿ 31ರ ರಾತ್ರಿ ಸಾಕ್ಷಿ. ಬಿರುಗಾಳಿ ಮತ್ತು ಉಬ್ಬರ ಒಟ್ಟಿಗೆ ಬಂದು ನೈಋತ್ಯ ಭಾಗದ ಏರಿಗಳು ಒಡೆದವು. ದೇಶದಲ್ಲಿ 1,836 ಜನ ಸತ್ತರು. ಆ ಬಳಿಕವೇ ಸಮುದ್ರದ ಅಳಿವೆಗಳನ್ನು ತಡೆಯುವ ಡೆಲ್ಟಾ ಯೋಜನೆ ಕೈಗೊಂಡದ್ದು.

ಗಿರಣಿ ನಿಂತಿತು, ನೋಟ ಉಳಿಯಿತು

ಗಾಳಿಗೆ ಬದಲಿ ಬಂದದ್ದು ಉಗಿಯಂತ್ರ. 1849ರಿಂದ 1852ರವರೆಗೆ ಹಾರ್ಲೆಮ್ ಸರೋವರವನ್ನು ಮೂರು ಉಗಿಯಂತ್ರ ಕೇಂದ್ರಗಳು ಬತ್ತಿಸಿದವು. ಹಿಂದೆ ಇದೇ ಕೆಲಸಕ್ಕೆ 160 ಗಾಳಿಗಿರಣಿ ಬೇಕೆಂದು ಲೇಘ್‌ವಾಟರ್ ಲೆಕ್ಕ ಹಾಕಿದ್ದ. ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲೇ. ಕಿಂಡರ್‌ಡೈಕ್‌ಗೆ 1868ರಲ್ಲಿ ಉಗಿ ಬಂತು, 1924ರಲ್ಲಿ ವಿದ್ಯುತ್ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಧನಕ್ಕೆ ಬರ ಬಂದಾಗ ಹಳೆಯ ಗಿರಣಿಗಳೇ ಮತ್ತೆ ದುಡಿದು ನೆಲವನ್ನು ಕಾಪಾಡಿದವು.

1850ರ ಸುಮಾರಿಗೆ ದೇಶದಲ್ಲಿ ಸುಮಾರು 10,000 ಗಿರಣಿಗಳಿದ್ದವು. ಇಂದು ಉಳಿದಿರುವುದು 1,200ರಷ್ಟು. ಅಷ್ಟಾದರೂ ಉಳಿಯಲು 1923ರಲ್ಲಿ ಸ್ಥಾಪಿತವಾದ ಗಿರಣಿ ಸಂರಕ್ಷಣಾ ಸಂಘವೂ, 1972ರಲ್ಲಿ ಆರಂಭವಾದ ಸ್ವಯಂಸೇವಕ ಗಿರಣಿಗಾರರ ಕೂಟವೂ ಕಾರಣ. ಗಿರಣಿ ನಡೆಸುವ ಕಸುಬನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಮನ್ನಿಸಿತು. ಮೇ ತಿಂಗಳ ಎರಡನೆಯ ವಾರಾಂತ್ಯದಲ್ಲಿ ನಡೆಯುವ ಗಿರಣಿ ಹಬ್ಬದಂದು ನೂರಾರು ಗಿರಣಿಗಳು ಬಾಗಿಲು ತೆರೆಯುತ್ತವೆ.

ರೆಕ್ಕೆಗಳಿಗೆ ಒಂದು ಮೂಕಭಾಷೆಯೂ ಇದೆ. ಮೇಲಿನ ರೆಕ್ಕೆಯನ್ನು ನೆಟ್ಟಗಿನ ಸ್ಥಾನ ತಲುಪುವ ಮೊದಲೇ ನಿಲ್ಲಿಸಿದರೆ ಸಂತೋಷದ ಸುದ್ದಿ. ಸ್ವಲ್ಪ ದಾಟಿಸಿ ನಿಲ್ಲಿಸಿದರೆ ಸಾವಿನ ಸೂಚನೆ. 2014ರ ಜುಲೈನಲ್ಲಿ ಉಕ್ರೇನಿನ ಮೇಲೆ ಮಲೇಷ್ಯಾದ ವಿಮಾನವನ್ನು ಹೊಡೆದುರುಳಿಸಿದಾಗ 298 ಜನ ಸತ್ತರು. ಅವರಲ್ಲಿ ಹೆಚ್ಚಿನವರು ನೆದರ್ಲೆಂಡ್ಸ್‌ನವರು. ಆ ಶೋಕದಿನದಂದು ದೇಶದ ಗಿರಣಿಗಳ ರೆಕ್ಕೆಗಳು ಹೀಗೆ ದಾಟಿ ನಿಂತಿದ್ದವು.

ಗಿರಣಿ ಉಳಿದರೆ ಸಾಲದು, ಅದಕ್ಕೆ ಗಾಳಿಯೂ ಸಿಗಬೇಕು. ಅದಕ್ಕಾಗಿ ಗಿರಣಿಯ ಸುತ್ತ ಸಾಮಾನ್ಯವಾಗಿ 400 ಮೀಟರ್‌ವರೆಗೆ ಮರ, ಕಟ್ಟಡಗಳ ಎತ್ತರಕ್ಕೆ ಮಿತಿ ಹೇರುವ ನಿಯಮಗಳಿವೆ. ಓಟಗಾರನ ಮುಂದೆ ದಿಗಂತದವರೆಗೆ ಬಯಲು ತೆರೆದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಆದರೆ ಗಿರಣಿಗೆ ವರವಾದ ಗಾಳಿ ಓಟಗಾರನಿಗೆ ಶಾಪ. ಬೆಟ್ಟವಿಲ್ಲದ ಆ ನಾಡಿನಲ್ಲಿ ಎದುರುಗಾಳಿಯೇ ಬೆಟ್ಟ. ಸಮುದ್ರದ ಒಡ್ಡಿನ ಮೇಲೆ ಎದುರುಗಾಳಿಗೆ ಸೈಕಲ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯನ್ನೇ 2013ರಿಂದ ನಡೆಸುತ್ತ ಬಂದಿದ್ದಾರೆ. ಅನುಭವಿ ಓಟಗಾರರು ಮೊದಲರ್ಧವನ್ನು ಗಾಳಿಗೆ ಎದುರಾಗಿ ಓಡಿ, ದಣಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಮರಳುತ್ತಾರೆ. ದಾರಿ ತಪ್ಪುವ ಭಯ ಕಡಿಮೆ. ಕವಲುಗಳಲ್ಲಿ ಅಂಕಿ ಬರೆದ ಕಂಬಗಳಿರುತ್ತವೆ. ಹೊರಡುವ ಮುನ್ನ ನಾಲ್ಕೈದು ಅಂಕಿಗಳನ್ನು ನೆನಪಿಟ್ಟುಕೊಂಡರೆ ನಕ್ಷೆಯ ಹಂಗಿಲ್ಲ.

ಇನ್ನೂ ಇಳಿಯುತ್ತಿರುವ ನೆಲ

ಇಷ್ಟಾದರೂ ಹಳೆಯ ಸಮಸ್ಯೆ ಬಗೆಹರಿದಿಲ್ಲ. ಪೀಟ್ ನೆಲ ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರ್‌ನಿಂದ ಒಂದು ಸೆಂಟಿಮೀಟರ್‌ವರೆಗೆ ಇಳಿಯುತ್ತಿದೆ. ಒಂದು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ನೂರು ವರ್ಷಕ್ಕೆ ಅದು ಒಂದು ಮೀಟರ್. ಇತ್ತ ನೆಲ ಇಳಿಯುತ್ತಿದ್ದರೆ ಅತ್ತ ಸಮುದ್ರ ಏರುತ್ತಿದೆ. ಕೊಳೆಯುವ ಪೀಟ್‌ನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಬಿಸಿಯನ್ನು ಹೆಚ್ಚಿಸಿ ಆ ಏರಿಕೆಗೇ ನೆರವಾಗುತ್ತದೆ.

ಅಪಾಯ ಬರುವುದು ಮಳೆಯಿಂದ ಮಾತ್ರವಲ್ಲ. 2003ರ ಆಗಸ್ಟ್‌ನಲ್ಲಿ, ಬಿರುಬೇಸಿಗೆಯ ಕೊನೆಯಲ್ಲಿ, ವಿಲ್ನಿಸ್ ಎಂಬ ಊರಿನ ಪೀಟ್ ಏರಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಸರಿದುಹೋಯಿತು. ಒಣಗಿ ಹಗುರವಾದ ಏರಿ ಕಾಲುವೆಯ ನೀರಿನ ಒತ್ತಡ ತಾಳಲಿಲ್ಲ. ಬೀದಿಗಳಿಗೆ ನೀರು ನುಗ್ಗಿತು, ಜನರನ್ನು ಸ್ಥಳಾಂತರಿಸಬೇಕಾಯಿತು, ಪ್ರಾಣಹಾನಿಯಾಗಲಿಲ್ಲ. ನೀರನ್ನು ಹೊರಗಿಡಲು ಕಟ್ಟಿದ ಏರಿಗೆ ನೀರಿಲ್ಲದೆಯೇ ಕುತ್ತು ಬಂದಿತ್ತು.

ಪರಿಹಾರ ಎಲ್ಲರಿಗೂ ಗೊತ್ತು, ಒಪ್ಪುವುದು ಕಷ್ಟ. ಪೋಲ್ಡರ್‌ನ ನೀರಿನ ಮಟ್ಟವನ್ನು ಏರಿಸಿ ಪೀಟನ್ನು ಮತ್ತೆ ತೇವವಾಗಿಟ್ಟರೆ ಕುಸಿತ ನಿಧಾನವಾಗುತ್ತದೆ. ಆದರೆ ಹಸಿ ನೆಲದಲ್ಲಿ ಹಸುವಿನ ಗೊರಸು ಹೂಳುತ್ತದೆ, ಟ್ರ್ಯಾಕ್ಟರ್ ಸಿಕ್ಕಿಬೀಳುತ್ತದೆ. ತಲೆಮಾರುಗಳಿಂದ ಹೈನುಗಾರಿಕೆ ಮಾಡಿಕೊಂಡು ಬಂದವರಿಗೆ ಇದು ಬದುಕಿನ ಪ್ರಶ್ನೆ. 2019ರ ಹವಾಮಾನ ಒಪ್ಪಂದದಲ್ಲಿ ಪೀಟ್ ನೆಲದಿಂದ ಹೊರಡುವ ಅನಿಲವನ್ನು 2030ರೊಳಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನಷ್ಟು ತಗ್ಗಿಸುವ ಗುರಿಯನ್ನು ಇಟ್ಟುಕೊಂಡಿದ್ದಾರೆ. ಯಾರ ಹೊಲ ಎಷ್ಟು ತೇವವಾಗಬೇಕು ಎಂಬ ಚರ್ಚೆ ಮಾತ್ರ ನೀರಿನ ಮಂಡಳಿಗಳಷ್ಟೇ ಹಳೆಯದು.

ವಿಲ್ನಿಸ್ ಪ್ರಕರಣದ ನಂತರ ಒಣ ಬೇಸಿಗೆಗಳಲ್ಲಿ ಮಂಡಳಿಯವರು ಪೀಟ್ ಏರಿಗಳ ಮೇಲೆ ಕಾಲ್ನಡಿಗೆಯಲ್ಲಿ ಹೊರಡುವುದುಂಟು. 2018ರ ಬರದಲ್ಲೂ ಹಾಗೆ ಹೊರಟರು. ಹುಲ್ಲು ಸರಿಸಿ, ಬಿರುಕು ಹುಡುಕಿ, ಅಳೆದು ಗುರುತು ಹಾಕಿಕೊಂಡು ಅವರು ಮುಂದೆ ಸಾಗುತ್ತಾರೆ. ಅದೇ ಏರಿಗಳ ಮೇಲೆ ಓಟಗಾರರು ಗಡಿಯಾರ ನೋಡಿಕೊಂಡು ಓಡುತ್ತಿರುತ್ತಾರೆ. ಓಟಗಾರನಿಗೆ ಆ ದಾರಿ ಸಮತಟ್ಟು. ಬಗ್ಗಿ ನೋಡುತ್ತ ನಡೆಯುವವನಿಗೆ, ಅದು ಹಾಗೆಯೇ ಉಳಿಯಬೇಕಾದರೆ ಇಂದು ಎಲ್ಲಿ ಮಣ್ಣು ತುಂಬಬೇಕು ಎಂಬುದು ಗೊತ್ತು.